ಯಾರೆದುರು, ಎಷ್ಟು ಆಟ, ಯಾವ ಷರತ್ತು?

ಒಬ್ಬಾಕೆ ಮಕ್ಕಳಿಗೆ ಚೆಸ್ ಕಲಿಸುವವರು. ಇನ್ನೊಬ್ಬರು ಸಂಖ್ಯಾಶಾಸ್ತ್ರದ ಮೇಷ್ಟ್ರು; ಚೆಸ್ ಆಡುವ ಪ್ರೋಗ್ರಾಮುಗಳನ್ನು, ಅಂದರೆ ಎಂಜಿನ್‌ಗಳನ್ನು, ಪರಸ್ಪರ ಆಡಿಸಿ ಪರೀಕ್ಷಿಸುವುದು ಅವರ ಹವ್ಯಾಸ. ಎಂಜಿನ್ನಿನ ಬಲವನ್ನು ಹೇಗೆ ಅಳೆಯಬೇಕು ಎಂಬುದರಲ್ಲಿ ಇಬ್ಬರಿಗೂ ಖಚಿತವಾದ ಅಭಿಪ್ರಾಯವಿದೆ. ಆದರೆ ಒಂದೇ ಅಭಿಪ್ರಾಯವಿಲ್ಲ.

ಆಟಗಾರ್ತಿ: ಎಂಜಿನ್‌ಗಳ ರೇಟಿಂಗ್ ಪಟ್ಟಿ ತೆಗೆದರೆ ಸ್ಟಾಕ್‌ಫಿಶ್ ಎಂಬ ಎಂಜಿನ್ನಿನ ಹೆಸರಿನ ಮುಂದೆ 3600ರ ಆಸುಪಾಸಿನ ಸಂಖ್ಯೆ ಇರುತ್ತದೆ. ಮನುಷ್ಯರಲ್ಲಿ ಅತಿ ಹೆಚ್ಚೆಂದರೆ ಮ್ಯಾಗ್ನಸ್ ಕಾರ್ಲ್‌ಸನ್ 2014ರ ಮೇ ತಿಂಗಳಲ್ಲಿ ಮುಟ್ಟಿದ 2882. ಹಾಗಾದರೆ ಯಂತ್ರ ಕಾರ್ಲ್‌ಸನ್‌ಗಿಂತ 700 ಅಂಕ ಮೇಲಿದೆ ಎಂದು ನನ್ನ ಮಕ್ಕಳಿಗೆ ಹೇಳಬಹುದಲ್ಲವೆ?

ಲೆಕ್ಕಿಗ: ಯಂತ್ರ ಮೇಲಿದೆ ಎಂದು ಧಾರಾಳವಾಗಿ ಹೇಳಿ. 700 ಎಂಬ ಅಂಕಿಯನ್ನು ಮಾತ್ರ ಹೇಳಬೇಡಿ. ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾಡ್ ಎಲೋ ಈ ಪದ್ಧತಿಯನ್ನು ರೂಪಿಸಿದರು. ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡವು. ಅದರ ತಿರುಳು ಇಷ್ಟೇ: ಇಬ್ಬರ ರೇಟಿಂಗಿನ ಅಂತರ ಗೊತ್ತಿದ್ದರೆ ಅವರು ಎದುರಾದಾಗ ಯಾರಿಗೆ ಎಷ್ಟು ಅಂಕ ಬರಬಹುದೆಂದು ಅಂದಾಜು ಮಾಡಬಹುದು. ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕ ಎಂದು ಎಣಿಸಿದರೆ, ಅಂತರ 100 ಆದಾಗ ಮೇಲಿನವರಿಗೆ ನೂರು ಆಟದಲ್ಲಿ 64 ಅಂಕ. 200 ಆದರೆ 76. 400 ಆದರೆ 91. ನಾಳೆ ಲೋಕದ ಎಲ್ಲ ಆಟಗಾರರ ರೇಟಿಂಗಿಗೂ ಒಂದೊಂದು ಸಾವಿರ ಸೇರಿಸಿ, ಈ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ. ಇದು ಎರಡು ತಟ್ಟೆಯ ತಕ್ಕಡಿ. ಯಾವ ಕಡೆ ಎಷ್ಟು ಹೆಚ್ಚು ಭಾರ ಎಂದು ತೋರಿಸುತ್ತದೆ, ಅದೂ ಎರಡೂ ವಸ್ತುಗಳನ್ನು ಅದೇ ತಕ್ಕಡಿಗೆ ಹಾಕಿದರೆ.

ಆಟಗಾರ್ತಿ: ಕಾರ್ಲ್‌ಸನ್‌ನನ್ನೂ ಸ್ಟಾಕ್‌ಫಿಶ್‌ನನ್ನೂ ಯಾರೂ ಒಂದೇ ತಕ್ಕಡಿಗೆ ಹಾಕಿಲ್ಲ ಎನ್ನುತ್ತೀರಿ.

ಲೆಕ್ಕಿಗ: ಹೌದು. ಕಾರ್ಲ್‌ಸನ್‌ನ ಸಂಖ್ಯೆ ಮನುಷ್ಯರ ಜೊತೆ ಆಡಿ ಬಂದದ್ದು, ಸ್ಟಾಕ್‌ಫಿಶ್‌ನದು ಎಂಜಿನ್‌ಗಳ ಜೊತೆ ಆಡಿ ಬಂದದ್ದು. ಎರಡು ಕೂಟಗಳ ನಡುವೆ ಈಗ ಹೊಕ್ಕುಬಳಕೆ ಇಲ್ಲ. 700 ಅಂಕದ ಅಂತರವೆಂದರೆ ನೂರು ಆಟ ಆಡಿದರೆ ಕಾರ್ಲ್‌ಸನ್‌ಗೆ ಎರಡು ಅಂಕವೂ ಬರಬಾರದು. ಬರುತ್ತದೆಯೋ ಇಲ್ಲವೋ, ಆ ನೂರು ಆಟವನ್ನು ಯಾರೂ ಆಡಿಸಿಲ್ಲ.

ಆಟಗಾರ್ತಿ: ಹೊಕ್ಕುಬಳಕೆ ಇದ್ದ ಕಾಲವೂ ಇತ್ತಲ್ಲ. ಎಂಐಟಿಯಲ್ಲಿ ರಿಚರ್ಡ್ ಗ್ರೀನ್‌ಬ್ಲಾಟ್ ಬರೆದ ಮ್ಯಾಕ್ ಹ್ಯಾಕ್ 1967ರಲ್ಲಿ ಮನುಷ್ಯರ ಟೂರ್ನಮೆಂಟಿನಲ್ಲಿ ಆಡಿತು. ಕೆನ್ ಥಾಂಪ್ಸನ್ ಮತ್ತು ಜೋ ಕಾಂಡನ್ ಕಟ್ಟಿದ ಬೆಲ್ ಎಂಬ ಯಂತ್ರ 1983ರಲ್ಲಿ ಅಮೆರಿಕದ ಮಾಸ್ಟರ್ ದರ್ಜೆಗೆ ಏರಿತು. 1988ರಲ್ಲಿ ಡೀಪ್ ಥಾಟ್ ಲಾಂಗ್ ಬೀಚ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಬೆಂಟ್ ಲಾರ್ಸನ್‌ರನ್ನು ಸೋಲಿಸಿತು. ಅವೆಲ್ಲ ಒಂದೇ ಕೂಟದೊಳಗೆ, ಮನುಷ್ಯರ ಎದುರು ಕೂತು ಗಳಿಸಿದ ಅಂಕಗಳು. ಕೊನೆಗೆ 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಯಂತ್ರ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಮೂರೂವರೆ–ಎರಡೂವರೆಯಿಂದ ಗೆದ್ದಿತು. ಅಲ್ಲಿಗೆ ತೀರ್ಮಾನವಾಯಿತು ಎಂದು ಲೋಕವೆಲ್ಲ ಒಪ್ಪಿತು.

ಲೆಕ್ಕಿಗ: ಲೋಕ ಒಪ್ಪಿದ್ದು ಪಂದ್ಯದ ಫಲಿತಾಂಶವನ್ನು. ಬಲದ ಪ್ರಶ್ನೆ ಬೇರೆ. ಆರು ಆಟ, ಎರಡು ಗೆಲುವು, ಒಂದು ಸೋಲು, ಮೂರು ಡ್ರಾ. ಇದನ್ನೇ ರೇಟಿಂಗಿಗೆ ಇಳಿಸಿದರೆ ಡೀಪ್ ಬ್ಲೂ ಸುಮಾರು 58 ಅಂಕ ಮೇಲೆ. ಆದರೆ ಆರೇ ಆಟಗಳಿಂದ ಬಂದ ಅಂದಾಜು ಎಷ್ಟು ಅಲ್ಲಾಡುತ್ತದೆ ನೋಡಿ. ಸಂಖ್ಯಾಶಾಸ್ತ್ರದ ರೂಢಿಯಂತೆ 95 ಪಾಲು ಭರವಸೆ ಬೇಕೆಂದು ಸ್ಥೂಲವಾಗಿ ಲೆಕ್ಕ ಹಾಕಿದರೆ, ಯಂತ್ರ ಕಾಸ್ಪರೋವ್‌ಗಿಂತ 140 ಅಂಕ ಕೆಳಗಿದ್ದಿರಬಹುದು ಅಥವಾ 310 ಅಂಕ ಮೇಲಿದ್ದಿರಬಹುದು. ಆ ಆರು ಆಟಗಳು ಹೇಳಬಲ್ಲದ್ದು ಅಷ್ಟು ಮಾತ್ರ.

ಆಟಗಾರ್ತಿ: ಆ ಪಂದ್ಯದಿಂದ ನನಗೆ ತಟ್ಟಿದ ಪಾಠ ಬೇರೆಯದು. ಎರಡನೇ ಆಟದಲ್ಲಿ ಕಾಸ್ಪರೋವ್ ಕೈಚೆಲ್ಲಿದ ಸ್ಥಿತಿಯಲ್ಲೇ ಸತತ ಚೆಕ್ ಕೊಟ್ಟು ಡ್ರಾ ಮಾಡುವ ದಾರಿ ಇತ್ತೆಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಅಂಕಪಟ್ಟಿಯಲ್ಲಿ ಅದು ಡೀಪ್ ಬ್ಲೂಗೆ ಪೂರ್ತಿ ಒಂದು ಅಂಕ. ಬೋರ್ಡ್ ಹೇಳುವ ಕಥೆ ಬೇರೆ. ಆದ್ದರಿಂದ ಗೆಲುವು ಸೋಲುಗಳನ್ನು ಎಣಿಸುವ ಬದಲು ನಡೆಗಳನ್ನೇ ಯಾಕೆ ತೂಗಬಾರದು? ಒಬ್ಬ ಹುಡುಗನ ಆಟ ನೋಡಿ ನಾನು ಹೇಳಬಲ್ಲೆ, ಇವನಿಗೆ ಎಂಡ್‌ಗೇಮ್ ಬರುವುದಿಲ್ಲ, ಇವನ ದಾಳಿ ಚೆನ್ನಾಗಿದೆ ಎಂದು. ಅದಕ್ಕೆ ಸಾವಿರ ಆಟ ಬೇಕಿಲ್ಲ.

ಲೆಕ್ಕಿಗ: ಆ ದಾರಿಯಲ್ಲೂ ಎಂಜಿನ್ ಬರೆಯುವವರು ನಡೆದು ನೋಡಿದ್ದಾರೆ. 1982ರಲ್ಲಿ ಇವಾನ್ ಬ್ರಾಟ್ಕೋ ಮತ್ತು ಡ್ಯಾನಿ ಕೋಪೆಕ್ ಇಪ್ಪತ್ತನಾಲ್ಕು ಸ್ಥಿತಿಗಳ ಒಂದು ಪರೀಕ್ಷೆ ಮಾಡಿದರು. ಅರ್ಧ ತಂತ್ರದ ಹೊಡೆತಗಳು, ಉಳಿದರ್ಧ ಪೇದೆಯನ್ನು ಸರಿಯಾದ ಹೊತ್ತಿನಲ್ಲಿ ಮುಂದೂಡಿ ಎದುರಾಳಿಯ ಪೇದೆಸಾಲನ್ನು ಒಡೆಯುವ ನಡೆಗಳು. ಒಂದೊಂದಕ್ಕೆ ಎರಡು ನಿಮಿಷ. ಫ್ರೆಡ್ ರೈನ್‌ಫೆಲ್ಡ್‌ರ ಪುಸ್ತಕದಿಂದ ತೆಗೆದ ಮುನ್ನೂರು ಸ್ಥಿತಿಗಳ ಇನ್ನೊಂದು ಪರೀಕ್ಷೆಯೂ ಬಹಳ ಬಳಕೆಯಲ್ಲಿತ್ತು. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಅಂಕ ಸಿಗುತ್ತದೆ, ಎಷ್ಟು ಹಿತ!

ಆಟಗಾರ್ತಿ: ಹಾಗಾದರೆ ಅದನ್ನು ಯಾಕೆ ಬಿಟ್ಟರು?

ಲೆಕ್ಕಿಗ: ಮೊದಲನೆಯದಾಗಿ, ಪ್ರಶ್ನೆಪತ್ರಿಕೆ ಎಲ್ಲರಿಗೂ ಗೊತ್ತು. ಆ ಸ್ಥಿತಿಗಳಲ್ಲಿ ಸರಿಯುತ್ತರ ಬರುವ ತನಕ ಪ್ರೋಗ್ರಾಮನ್ನು ತಿದ್ದುತ್ತಾ ಹೋದರೆ ಪರೀಕ್ಷೆಯಲ್ಲಿ ಅಂಕ ಏರುತ್ತದೆ, ಆಟದಲ್ಲಿ ಏರಬೇಕೆಂದಿಲ್ಲ. ಎರಡನೆಯದು ಇನ್ನೂ ಮುಖ್ಯ. ಪರೀಕ್ಷೆಗೆ ಆರಿಸುವ ಸ್ಥಿತಿಯಲ್ಲಿ ಒಂದೇ ಒಂದು ಅದ್ಭುತ ನಡೆ ಇರುತ್ತದೆ. ನಿಜವಾದ ಆಟದ ನಲವತ್ತು ನಡೆಗಳಲ್ಲಿ ಅಂಥ ಕ್ಷಣ ಒಂದೋ ಎರಡೋ ಬರುತ್ತದೆ, ಬಾರದೆಯೂ ಇರುತ್ತದೆ. ಉಳಿದ ನಡೆಗಳಲ್ಲಿ ಮೂರು ನಾಲ್ಕು ಹಾದಿಗಳು ಸರಿಸುಮಾರು ಸಮ. ಅವುಗಳಲ್ಲಿ ಸ್ವಲ್ಪ ಮೇಲಾದದ್ದನ್ನು ಮತ್ತೆ ಮತ್ತೆ ಆರಿಸುವುದೇ ಬಲ. ಒಗಟು ಬಿಡಿಸುವುದರಲ್ಲಿ ಚುರುಕಾದ ಎಂಜಿನ್ ಆಟದಲ್ಲಿ ಹಿಂದೆ ಬಿದ್ದ ಉದಾಹರಣೆಗಳು ಎಷ್ಟೋ ಇವೆ.

ಆಟಗಾರ್ತಿ: ನಾನು ಒಗಟುಗಳ ಮಾತಾಡುತ್ತಿಲ್ಲ, ಇಡೀ ಆಟವನ್ನು ನಡೆನಡೆಯಾಗಿ ತೂಗುವುದನ್ನು ಹೇಳುತ್ತಿದ್ದೇನೆ. ಮತೇಯ್ ಗುಯಿದ್ ಮತ್ತು ಬ್ರಾಟ್ಕೋ 2006ರಲ್ಲಿ ಅದನ್ನೇ ಮಾಡಿದರಲ್ಲ. ಸ್ಟೈನಿಟ್ಸ್‌ನಿಂದ ಕ್ರಾಮ್ನಿಕ್‌ವರೆಗಿನ ವಿಶ್ವ ಚಾಂಪಿಯನ್‌ಗಳ ಆಟಗಳನ್ನು ಕ್ರಾಫ್ಟಿ ಎಂಬ ಎಂಜಿನ್ನಿಗೆ ಕೊಟ್ಟು, ಪ್ರತಿ ನಡೆಯಲ್ಲಿ ಎಷ್ಟು ಕಳೆದುಕೊಂಡರು ಎಂದು ಸರಾಸರಿ ತೆಗೆದರು. ಕಾಪಬ್ಲಾಂಕಾ ಎಲ್ಲರಿಗಿಂತ ಕಡಿಮೆ ಕಳೆದುಕೊಂಡವನು ಎಂದು ಬಂತು. ಒಬ್ಬರನ್ನೊಬ್ಬರು ಕಾಣದೇ ಹೋದ ಕಾಲದ ಆಟಗಾರರನ್ನು ಹೋಲಿಸಲು ಬೇರೆ ದಾರಿ ಯಾವುದಿದೆ?

ಲೆಕ್ಕಿಗ: ಆ ಕೆಲಸ ಬಂದಾಗ ಎದ್ದ ಆಕ್ಷೇಪ ನೆನಪಿದೆಯೆ? ಕ್ರಾಫ್ಟಿ ಆಗಿನ ದೊಡ್ಡ ಎಂಜಿನ್‌ಗಳಿಗಿಂತ ದುರ್ಬಲ; ಅದು ಹುಡುಕಿದ್ದು ಹನ್ನೆರಡು ಅರ್ಧನಡೆಗಳಷ್ಟು (ಎರಡೂ ಕಡೆ ಆರಾರು ನಡೆ) ಆಳ. ಕ್ರಾಫ್ಟಿಗೆ ತಿಳಿಯದ ಒಳ್ಳೆಯ ನಡೆಯನ್ನು ಚಾಂಪಿಯನ್ ಆಡಿದರೆ ಅದು ತಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ನಡೆಯನ್ನು ತೂಗಬೇಕಾದರೆ ತೂಗುವವನಿಗೆ ಆಡಿದವನಿಗಿಂತ ಹೆಚ್ಚು ಗೊತ್ತಿರಬೇಕು. ನಿಮ್ಮ ಹುಡುಗನ ಎಂಡ್‌ಗೇಮ್ ಕಚ್ಚಾ ಎಂದು ನೀವು ಒಂದೇ ಆಟದಲ್ಲಿ ಹೇಳಬಲ್ಲಿರಿ, ಯಾಕೆಂದರೆ ಎಂಡ್‌ಗೇಮ್ ನಿಮಗೆ ಗೊತ್ತು. ಸ್ಟಾಕ್‌ಫಿಶ್‌ನ ನಡೆಯನ್ನು ಯಾರ ಕೈಗೆ ಕೊಟ್ಟು ತೂಗಿಸುತ್ತೀರಿ?

ಆಟಗಾರ್ತಿ: ಹೆಚ್ಚು ಗೊತ್ತಿರುವ ಒಬ್ಬ ತೀರ್ಪುಗಾರ ಇದ್ದಾನೆ, ಟೇಬಲ್‌ಬೇಸ್. ರಾಜರನ್ನೂ ಸೇರಿಸಿ ಬೋರ್ಡಿನ ಮೇಲೆ ಏಳು ಕಾಯಿ ಉಳಿದರೆ, ಆ ಎಲ್ಲ ಸ್ಥಿತಿಗಳ ಫಲ ಮೊದಲೇ ಲೆಕ್ಕವಾಗಿದೆ. ಅಲ್ಲಿ ಅಂದಾಜು ಇಲ್ಲ, ಸತ್ಯ ಇದೆ. ವಾಲ್ಟರ್ ಬ್ರೌನ್‌ರ ಪ್ರಸಂಗವನ್ನು ನನ್ನ ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ. ರಾಣಿ ಎದುರು ಆನೆ ಇದ್ದರೆ ರಾಣಿಯವನು ಗೆಲ್ಲಲೇಬೇಕು ಎಂದು ಪುಸ್ತಕಗಳೆಲ್ಲ ಹೇಳುತ್ತವೆ. 1978ರಲ್ಲಿ ಥಾಂಪ್ಸನ್‌ರ ಡೇಟಾಬೇಸ್ ಆನೆಯ ಕಡೆ ಆಡಿತು, ಗ್ರ್ಯಾಂಡ್‌ಮಾಸ್ಟರ್ ಬ್ರೌನ್ ರಾಣಿಯ ಕಡೆ. ಮೂವತ್ತೊಂದು ನಡೆಯಲ್ಲಿ ಗೆಲ್ಲಬಹುದಾದ ಸ್ಥಿತಿಯನ್ನು ಅವರು ಐವತ್ತು ನಡೆಯೊಳಗೆ ಗೆಲ್ಲಲಾಗಲಿಲ್ಲ. ಮನೆಗೆ ಹೋಗಿ ಅಭ್ಯಾಸ ಮಾಡಿ ಮತ್ತೆ ಬಂದರು, ಸರಿಯಾಗಿ ಐವತ್ತನೇ ನಡೆಗೆ ಆನೆಯನ್ನು ಹೊಡೆದರು. ಯಾರ ಬಲ ಎಷ್ಟೆಂದು ಅಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

ಲೆಕ್ಕಿಗ: ಆ ತೀರ್ಪುಗಾರನನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅವನ ಅಧಿಕಾರ ಏಳು ಕಾಯಿಗೆ ಮುಗಿಯುತ್ತದೆ, ಆಟ ಶುರುವಾಗುವುದು ಮೂವತ್ತೆರಡರಿಂದ. ನಡುವಿನ ಇಪ್ಪತ್ತೈದು ಕಾಯಿಗಳ ಆಳದಲ್ಲಿ ಯಾವ ನಡೆ ಎಷ್ಟು ಸರಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ತೀರ್ಪುಗಾರನಿಲ್ಲದ್ದರಿಂದ ಉಳಿಯುವುದು ಒಂದೇ: ಇಬ್ಬರನ್ನು ಎದುರುಬದುರು ಕೂರಿಸಿ, ಬಹಳ ಆಟ ಆಡಿಸಿ, ಕೊನೆಗೆ ಯಾರ ಕೈ ಮೇಲಾಯಿತು ಎಂದು ಎಣಿಸುವುದು. ಫಲಿತಾಂಶದ ಮೇಲಿನ ಮೋಹದಿಂದ ನಾನು ಎಣಿಸುತ್ತಿಲ್ಲ. ಎಲ್ಲರಿಗಿಂತ ಬಲವುಳ್ಳವನನ್ನು ಅಳೆಯಲು ಬೇರೆ ಸಾಧನವೇ ಇಲ್ಲ.

ಆಟಗಾರ್ತಿ: ಸರಿ, ಎಣಿಸೋಣ. ಆದರೆ ಎಷ್ಟು ಆಟ? ಆರು ಸಾಲದು ಎಂದಿರಿ. ನೂರು?

ಲೆಕ್ಕಿಗ: ಅರ್ಧದಷ್ಟು ಆಟ ಡ್ರಾ ಆಗುತ್ತದೆ ಎಂದು ಇಟ್ಟುಕೊಳ್ಳಿ. ಇಬ್ಬರು ಹತ್ತಿರಹತ್ತಿರ ಸಮಬಲರಾಗಿದ್ದರೆ ನೂರು ಆಟದ ಫಲಿತಾಂಶ ಆಚೆ ಈಚೆ ಸುಮಾರು 50 ಅಂಕ ಅಲ್ಲಾಡುತ್ತದೆ. ಸಾವಿರ ಆಟ ಆಡಿಸಿದರೆ ಅಲ್ಲಾಟ 15ಕ್ಕೆ ಇಳಿಯುತ್ತದೆ. ಹತ್ತು ಸಾವಿರಕ್ಕೆ 5. ಎರಡೇ ಅಂಕಕ್ಕೆ ಇಳಿಸಬೇಕೆಂದರೆ ಅರವತ್ತು ಸಾವಿರ ಆಟ ಬೇಕು. ಅಲ್ಲಾಟವನ್ನು ಅರ್ಧ ಮಾಡಲು ಆಟಗಳನ್ನು ನಾಲ್ಕು ಪಟ್ಟು ಮಾಡಬೇಕು, ಈ ನಿಯಮದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಆಟಗಾರ್ತಿ: ಎರಡು ಅಂಕದ ಅಂತರ ಯಾರಿಗೆ ಬೇಕು? ನನ್ನ ಮಕ್ಕಳ ರೇಟಿಂಗ್ ಒಂದು ಟೂರ್ನಮೆಂಟಿನಲ್ಲಿ ನಲವತ್ತು ಅಂಕ ಏರಿಳಿಯುತ್ತದೆ.

ಲೆಕ್ಕಿಗ: ಎಂಜಿನ್ ಬರೆಯುವವರಿಗೆ ಬೇಕು. ಇವತ್ತಿನ ಎಂಜಿನ್ ಒಂದೇ ಒಂದು ಮಹಾನ್ ಉಪಾಯದಿಂದ ಬಲ ಪಡೆದದ್ದು ಕಡಿಮೆ. ಯಾವ ನಡೆಗಳನ್ನು ನೋಡದೆ ಬಿಡಬಹುದು, ಯಾವುದನ್ನು ಒಂದು ಹೆಜ್ಜೆ ಹೆಚ್ಚು ಆಳ ನೋಡಬೇಕು ಎಂಬಂಥ ನೂರಾರು ಸಣ್ಣ ತಿದ್ದುಪಡಿಗಳು, ಒಂದೊಂದರಿಂದ ಒಂದೋ ಎರಡೋ ಅಂಕ. ಹಿಂದೆ ಬರೆಯುವವರು ಮನೆಯ ಕಂಪ್ಯೂಟರಿನಲ್ಲಿ ಕೆಲವು ನೂರು ಆಟ ಆಡಿಸಿ, ಗೆದ್ದರೆ ತಿದ್ದುಪಡಿಯನ್ನು ಉಳಿಸಿಕೊಳ್ಳುತ್ತಿದ್ದರು. ಕೆಲವು ನೂರು ಆಟದಲ್ಲಿ ಎರಡು ಅಂಕದ ಲಾಭವೂ ಕಾಣುವುದಿಲ್ಲ, ಎರಡು ಅಂಕದ ನಷ್ಟವೂ ಕಾಣುವುದಿಲ್ಲ. ಒಳ್ಳೆಯದನ್ನು ಎಸೆದು ಕೆಟ್ಟದ್ದನ್ನು ಉಳಿಸಿಕೊಂಡದ್ದು ಎಷ್ಟೋ! 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಸ್ಟಾಕ್‌ಫಿಶ್‌ಗಾಗಿ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಮಾಡಿದರು. ಲೋಕದ ಬೇರೆ ಬೇರೆ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಕೊಡುತ್ತಾರೆ. ಯಾರೇ ತಿದ್ದುಪಡಿ ಸೂಚಿಸಲಿ, ಹಳೆಯ ಆವೃತ್ತಿಗೂ ಹೊಸದಕ್ಕೂ ಸಾವಿರಗಟ್ಟಲೆ ಆಟ ನಡೆಯುತ್ತದೆ. ಮೊದಲು ಚುಟುಕು ಸಮಯದಲ್ಲಿ, ಅಲ್ಲಿ ಪಾಸಾದರೆ ದೀರ್ಘ ಸಮಯದಲ್ಲಿ.

ಆಟಗಾರ್ತಿ: ಪ್ರತಿ ಸೂಚನೆಗೂ ಅರವತ್ತು ಸಾವಿರ ಆಟವೆ?

ಲೆಕ್ಕಿಗ: ಅಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ಗಣಿತ ನೆರವಿಗೆ ಬಂತು. ಯುದ್ಧಸಾಮಗ್ರಿಯ ಗುಣ ಪರೀಕ್ಷೆಗೆಂದು ಅಬ್ರಹಾಂ ವಾಲ್ಡ್ ರೂಪಿಸಿದ ಅನುಕ್ರಮ ಪರೀಕ್ಷೆ. ಎಷ್ಟು ಆಟ ಎಂದು ಮೊದಲೇ ನಿಗದಿ ಮಾಡುವುದಿಲ್ಲ. ಪ್ರತಿ ಫಲಿತಾಂಶ ಬಂದಂತೆ ಸಾಕ್ಷ್ಯವನ್ನು ಕೂಡಿಸುತ್ತಾ ಹೋಗುತ್ತಾರೆ. ಅದು ಮೇಲಿನ ಗೆರೆ ದಾಟಿದರೆ ತಿದ್ದುಪಡಿ ಪಾಸು, ಕೆಳಗಿನ ಗೆರೆ ದಾಟಿದರೆ ಫೇಲು. ಸ್ಪಷ್ಟವಾಗಿ ಕೆಟ್ಟದ್ದು ಬೇಗ ಬೀಳುತ್ತದೆ, ಅನುಮಾನದ್ದು ದೀರ್ಘ ಕಾಲ ಓಡುತ್ತದೆ. ಆಡಿಸುವವನು ತನಗೆ ಹಿತವೆನಿಸಿದ ಕ್ಷಣದಲ್ಲಿ ನಿಲ್ಲಿಸುವಂತಿಲ್ಲ, ಅದೇ ಅದರ ದೊಡ್ಡ ಶಿಸ್ತು. ಮುಂದಿದ್ದಾಗಲೆಲ್ಲ ನಿಲ್ಲಿಸಿ ಬೀಗಿದರೆ ಏನನ್ನು ಬೇಕಾದರೂ ಸಾಧಿಸಿ ತೋರಿಸಬಹುದು.

ಆಟಗಾರ್ತಿ: ಹೀಗೆ ಅಳೆದದ್ದರಿಂದ ಆದ ಲಾಭ ಕಣ್ಣಿಗೆ ಕಂಡಿತೆ?

ಲೆಕ್ಕಿಗ: ಕಂಡಿತು. ಟಿಸಿಇಸಿ ಎಂಬ ಎಂಜಿನ್ ಪಂದ್ಯಾವಳಿಯ ಆರನೇ ಸರಣಿಯಲ್ಲಿ, 2014ರಲ್ಲಿ, ಸ್ಟಾಕ್‌ಫಿಶ್ ಕೊಮೋಡೋವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಹಣ ಪಡೆಯದ, ಯಾರು ಬೇಕಾದರೂ ತಿದ್ದಬಹುದಾದ ಪ್ರೋಗ್ರಾಂ ಅದು. ಅದನ್ನು ಬರೆದವರು ಜಾಣರು, ನಿಜ. ಜಾಣರು ಬೇರೆ ಕಡೆಯೂ ಇದ್ದರು. ನನ್ನ ನಂಬಿಕೆಯಲ್ಲಿ ಸ್ಟಾಕ್‌ಫಿಶ್‌ಗೆ ಸಿಕ್ಕ ಅಸಲಿ ಆಸ್ತಿ ಅಳತೆ. ಬಲವನ್ನು ಸಣ್ಣ ಮೊತ್ತದಲ್ಲೂ ನೆಚ್ಚಿಕೆಯಿಂದ ಅಳೆಯಲು ಬಂದ ಮೇಲೆ ಬಲ ತಾನಾಗಿ ಕೂಡುತ್ತಾ ಬಂತು.

ಆಟಗಾರ್ತಿ: ಒಂದು ಅನುಮಾನವಿದೆ. ಹಳೆಯ ಸ್ಟಾಕ್‌ಫಿಶ್ ಎದುರು ಹೊಸ ಸ್ಟಾಕ್‌ಫಿಶ್ ಆಡಿದರೆ ಅಣ್ಣನ ದೌರ್ಬಲ್ಯವೆಲ್ಲ ತಮ್ಮನಿಗೆ ಗೊತ್ತಿರುತ್ತದೆ. ಹೊರಗಿನ ಎದುರಾಳಿಯ ಮುಂದೆ ಆ ಲಾಭ ಉಳಿಯುತ್ತದೆಯೆ?

ಲೆಕ್ಕಿಗ: ಪೂರ್ತಿ ಉಳಿಯುವುದಿಲ್ಲ. ಒಂದೇ ಮನೆಯ ಎರಡು ಆವೃತ್ತಿಗಳನ್ನು ಆಡಿಸಿದಾಗ ಕಾಣುವ ಅಂತರ, ಬೇರೆ ಎಂಜಿನ್‌ಗಳ ಎದುರು ಆಡಿಸಿದಾಗ ಸಾಮಾನ್ಯವಾಗಿ ಕುಗ್ಗುತ್ತದೆ. ಅದಕ್ಕೇ ಸ್ವತಂತ್ರ ಪಟ್ಟಿಗಳು ಬೇಕು. ಸ್ವೀಡನ್ನಿನ ಹವ್ಯಾಸಿಗಳ ಸಂಘ 1984ರಿಂದ ಪಟ್ಟಿ ಮಾಡುತ್ತಾ ಬಂದಿದೆ. ಆಮೇಲೆ ಸಿಸಿಆರ್‌ಎಲ್, ಸಿಇಜಿಟಿ ಎಂಬ ಪಟ್ಟಿಗಳು ಬಂದವು. ಪರೀಕ್ಷಕರ ಕಂಪ್ಯೂಟರುಗಳ ವೇಗ ಬೇರೆ ಬೇರೆ ಇರುವುದರಿಂದ, ಸಿಸಿಆರ್‌ಎಲ್‌ನವರು ಒಂದು ಮಾದರಿ ಪ್ರೊಸೆಸರ್‌ಗೆ ಹೋಲಿಸಿ ಆಟದ ಸಮಯವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಾರೆ. ಇಷ್ಟು ಶ್ರದ್ಧೆಯಿಂದ ಮಾಡುವ ಈ ಕೆಲಸಕ್ಕೆ ಸಂಬಳವಿಲ್ಲ.

ಆಟಗಾರ್ತಿ: ವೇಗದ ಮಾತು ಬಂತಲ್ಲ, ಆಲ್ಫಾಝೀರೋ ಎಂಬ ಎಂಜಿನ್ನಿನ ವಿಷಯ ಎತ್ತಲೇಬೇಕು. 2017ರ ಡಿಸೆಂಬರಿನಲ್ಲಿ ಅದು ಸ್ಟಾಕ್‌ಫಿಶ್ 8ರ ಎದುರು ನೂರು ಆಟ ಆಡಿ 28 ಗೆದ್ದು 72 ಡ್ರಾ ಮಾಡಿ ಒಂದೂ ಸೋಲಲಿಲ್ಲ. ಆ ಆಟಗಳ ಸೌಂದರ್ಯ ನೋಡಿ ನಾನು ಮೂಕಳಾದೆ. ಪೇದೆಗಳನ್ನು ಬಿಟ್ಟುಕೊಟ್ಟು ಎದುರಾಳಿಯ ಕಾಯಿಗಳನ್ನು ಕಟ್ಟಿಹಾಕುವ ಧೈರ್ಯ! ಆದರೆ ಎಂಜಿನ್ ಬಲ್ಲವರು ಆಗ ಫಲಿತಾಂಶವನ್ನು ಒಪ್ಪಲು ತಡವರಿಸಿದರು.

ಲೆಕ್ಕಿಗ: ಆಟ ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ತಕರಾರು ಇದ್ದದ್ದು ಷರತ್ತುಗಳ ಮೇಲೆ. ಪ್ರತಿ ನಡೆಗೂ ಖಡಾಖಂಡಿತ ಒಂದು ನಿಮಿಷ ಕೊಟ್ಟಿದ್ದರು. ಕಷ್ಟದ ನಡೆಗೆ ಹೆಚ್ಚು ಸಮಯ, ಸುಲಭದ್ದಕ್ಕೆ ಕಡಿಮೆ ಎಂದು ಹಂಚಿಕೊಳ್ಳುವ ಕಲೆಯೂ ಸ್ಟಾಕ್‌ಫಿಶ್‌ನ ಬಲದ ಭಾಗ, ಅದು ಕೈತಪ್ಪಿತು. ಅರವತ್ತನಾಲ್ಕು ಥ್ರೆಡ್‌ಗಳಿಗೆ ನೋಡಿದ ಸ್ಥಿತಿಗಳನ್ನು ನೆನಪಿಡಲು ಒಂದೇ ಗಿಗಾಬೈಟ್ ಸ್ಮೃತಿ ಕೋಷ್ಟಕ ಕೊಟ್ಟಿದ್ದರು, ಅದು ಸಾಲದು. ಓಪನಿಂಗ್ ಪುಸ್ತಕ ಇರಲಿಲ್ಲ. ಆಲ್ಫಾಝೀರೋ ಓಡಿದ್ದು ಪೂರ್ತಿ ಬೇರೆ ಬಗೆಯ ಯಂತ್ರದ ಮೇಲೆ. ಒಂದು ವರ್ಷದ ನಂತರ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಪಂದ್ಯದಲ್ಲಿ ಇಬ್ಬರಿಗೂ ಮೂರು ಗಂಟೆ, ಜೊತೆಗೆ ನಡೆಗೆ ಹದಿನೈದು ಸೆಕೆಂಡು. ಸಾವಿರ ಆಟ. ಆಲ್ಫಾಝೀರೋ 155 ಗೆದ್ದಿತು, 6 ಸೋತಿತು, ಉಳಿದವು ಡ್ರಾ. ಈಗ ಲೆಕ್ಕ ಹಾಕಿ. ಮೊದಲ ಪಂದ್ಯದಲ್ಲಿ ನೂರಕ್ಕೆ 64, ಅಂದರೆ 100 ಅಂಕದ ಅಂತರ. ಎರಡನೆಯದರಲ್ಲಿ ನೂರಕ್ಕೆ ಐವತ್ತೇಳೂವರೆಗೆ ಹತ್ತಿರ, ಅಂದರೆ ಸುಮಾರು 52 ಅಂಕ.

ಆಟಗಾರ್ತಿ: ಅರ್ಧಕ್ಕಿಳಿಯಿತು.

ಲೆಕ್ಕಿಗ: ಇಷ್ಟು ಇಳಿತವನ್ನು ಬರಿಯ ಆಕಸ್ಮಿಕದ ತಲೆಗೆ ಕಟ್ಟುವುದು ಕಷ್ಟ. ಎರಡೂ ಪಂದ್ಯಗಳಲ್ಲಿ ಆಲ್ಫಾಝೀರೋ ಮೇಲು, ಅದರಲ್ಲಿ ಸಂಶಯವಿಲ್ಲ. ಎಷ್ಟು ಮೇಲು ಎಂಬುದಕ್ಕೆ ಮಾತ್ರ ಉತ್ತರ ಎರಡಾಯಿತು. ಗಡಿಯಾರ, ಸ್ಮೃತಿ, ಯಂತ್ರ ಇವೆಲ್ಲ ಉತ್ತರದ ಒಳಗೇ ಸೇರಿಕೊಂಡಿವೆ.

ಆಟಗಾರ್ತಿ: ನಾನು ನೋಡಿದಂತೆ ಈಗ ಇನ್ನೊಂದು ತೊಡಕೂ ಇದೆ. ದೀರ್ಘ ಸಮಯ ಕೊಟ್ಟರೆ ದೊಡ್ಡ ಎಂಜಿನ್‌ಗಳ ನಡುವೆ ಬಹುಪಾಲು ಎಲ್ಲವೂ ಡ್ರಾ. ಎರಡೂ ತಪ್ಪು ಮಾಡುವುದಿಲ್ಲ. ಹಾಗಾದರೆ ಎಣಿಸುವುದು ಏನನ್ನು?

ಲೆಕ್ಕಿಗ: ಅದಕ್ಕೇ ಹಲವು ಪರೀಕ್ಷಕರು ಆಟವನ್ನು ಸಮಸ್ಥಿತಿಯಿಂದ ಶುರು ಮಾಡುವುದನ್ನು ಬಿಟ್ಟಿದ್ದಾರೆ. ಒಂದು ಕಡೆಗೆ ಅನುಕೂಲವಿರುವ, ಗೆಲುವು ಡ್ರಾಗಳ ಗಡಿಯ ಮೇಲೆ ನಿಂತಿರುವ ಓಪನಿಂಗ್ ಆರಿಸುತ್ತಾರೆ. ಅದನ್ನು ಎರಡು ಸಲ ಆಡಿಸುತ್ತಾರೆ, ಬಣ್ಣ ಅದಲುಬದಲು ಮಾಡಿ. ಇಬ್ಬರೂ ಬಿಳಿಯಲ್ಲಿ ಗೆದ್ದರೆ ಜೋಡಿ ಸಮ. ಒಬ್ಬ ಬಿಳಿಯಲ್ಲಿ ಗೆದ್ದು ಕಪ್ಪಿನಲ್ಲಿ ಡ್ರಾ ಮಾಡಿಕೊಂಡರೆ ಜೋಡಿ ಅವನದು. 2020ರ ಸೆಪ್ಟೆಂಬರಿನಲ್ಲಿ ನರಜಾಲದಿಂದ ಸ್ಥಿತಿಯನ್ನು ತೂಗುವ ಸ್ಟಾಕ್‌ಫಿಶ್ 12 ಬಂದಾಗ, ಅದು ಹಿಂದಿನ ಆವೃತ್ತಿಯ ಎದುರು ಸೋಲುವ ಜೋಡಿಗಳ ಹತ್ತು ಪಟ್ಟು ಜೋಡಿಗಳನ್ನು ಗೆಲ್ಲುತ್ತದೆ ಎಂದು ಅದನ್ನು ಬರೆದವರು ಘೋಷಿಸಿದರು. ಅವರು ಮೊದಲು ಬಳಸಿದ್ದು ಅಂಕದ ಭಾಷೆಯನ್ನಲ್ಲ, ಜೋಡಿಯ ಭಾಷೆಯನ್ನು.

ಆಟಗಾರ್ತಿ: ಓಪನಿಂಗ್‌ಗಳನ್ನು ಹೀಗೆ ವಾಲಿಸಿ ಆರಿಸಿದರೆ ಅಂತರವೂ ಹಿಗ್ಗುತ್ತದಲ್ಲ. ಸಮ ಓಪನಿಂಗ್‌ನಲ್ಲಿ ಎರಡು ಎಂಜಿನ್‌ಗಳ ನಡುವೆ ಹತ್ತು ಅಂಕ ಕಂಡರೆ, ವಾಲಿದ್ದರಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಣಬಹುದು.

ಲೆಕ್ಕಿಗ: ಹಿಗ್ಗುತ್ತದೆ. ಸಮಯ ಹೆಚ್ಚಿಸಿದರೆ ಕುಗ್ಗುತ್ತದೆ. ಆದ್ದರಿಂದ ಎರಡು ಪಟ್ಟಿಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಯಾರು ಮೇಲು ಎಂಬ ಕ್ರಮ ಬಹುತೇಕ ಉಳಿಯುತ್ತದೆ. ಎಷ್ಟು ಮೇಲು ಎಂಬ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಪರೀಕ್ಷಕನ ಆಯ್ಕೆಗೂ ಪಾಲಿದೆ.

ಆಟಗಾರ್ತಿ: ಇಲ್ಲಿ ನನ್ನ ಮಾತನ್ನೂ ನೀವು ಒಪ್ಪಬೇಕಾಗುತ್ತದೆ. ಬಲ ಎಂಬುದು ಎಂಜಿನ್ನಿನ ಒಳಗೆ ಕೂತ ಒಂದು ಮೊತ್ತ ಎಂಬಂತೆ ಪಟ್ಟಿಗಳು ತೋರಿಸುತ್ತವೆ. ಬೋರ್ಡಿನ ಅನುಭವ ಹಾಗಿಲ್ಲ. 2017ರಲ್ಲಿ ಪೆನ್‌ರೋಸ್ ಸಂಸ್ಥೆ ಒಂದು ಸ್ಥಿತಿಯನ್ನು ಪ್ರಕಟಿಸಿತು. ಕಪ್ಪಿನ ಕಡೆ ಕಾಯಿಗಳ ದೊಡ್ಡ ರಾಶಿ, ಒಂದೇ ಬಣ್ಣದ ಚೌಕಗಳಲ್ಲಿ ಓಡುವ ಮೂರು ಒಂಟೆಗಳೂ ಇವೆ. ಬಿಳಿಯ ರಾಜ ಇನ್ನೊಂದು ಬಣ್ಣದ ಚೌಕಗಳಲ್ಲಿ ಓಡಾಡಿಕೊಂಡಿದ್ದರೆ ಯಾರೂ ಏನೂ ಮಾಡಲಾರರು. ಸಾಧಾರಣ ಆಟಗಾರನಿಗೂ ಡ್ರಾ ಎಂದು ಹೊಳೆಯುತ್ತದೆ. ಎಂಜಿನ್‌ಗಳು ಕಪ್ಪು ಗೆಲ್ಲುತ್ತದೆ ಎಂದು ಭಾರಿ ಅಂಕ ತೋರಿಸಿದವು. 3000 ದಾಟಿದ ಎಂಜಿನ್ ಒಂದು ಸ್ಥಿತಿಯಲ್ಲಿ 1500ರ ಹುಡುಗನಿಗಿಂತ ಕುರುಡಾಗಬಹುದು. ನಿಮ್ಮ ಒಂದೇ ಸಂಖ್ಯೆಯಲ್ಲಿ ಅದು ಎಲ್ಲಿ ಕಾಣುತ್ತದೆ?

ಲೆಕ್ಕಿಗ: ಕಾಣುವುದಿಲ್ಲ. ರೇಟಿಂಗ್ ಸರಾಸರಿ, ಸರಾಸರಿಯೊಳಗೆ ಕುರುಡು ಚುಕ್ಕೆಗಳು ಮುಳುಗಿಹೋಗುತ್ತವೆ. ಎದುರಾಳಿಯ ವಿಷಯದಲ್ಲೂ ಹಾಗೇ. ಎದುರಿಗಿರುವವನು ತನ್ನಷ್ಟೇ ಬಲ್ಲವನು ಎಂದು ಎಂಜಿನ್ ನಂಬಿ ಆಡುತ್ತದೆ. ಸಮಬಲದವನ ಎದುರು ಅದು ಸರಿ. ಕೆಳಗಿನವನ ಎದುರು ಬೇಗ ಡ್ರಾಗೆ ಒಪ್ಪಿಬಿಡುವ ಹಾಗಾಗುತ್ತದೆ.

ಆಟಗಾರ್ತಿ: ಅದು ಚೆನ್ನಾಗಿ ಕಾಣುವುದು ಕಾಯಿ ಬಿಟ್ಟುಕೊಟ್ಟು ಆಡುವ ಪಂದ್ಯಗಳಲ್ಲಿ. ಸಮನಾಗಿ ಆಡಿದ ಪಂದ್ಯಗಳಲ್ಲೇ ಯಂತ್ರ ಮೇಲಾಗಿತ್ತು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಎಂಬ ಯಂತ್ರ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್‌ರನ್ನು ಐದೂವರೆ–ಅರ್ಧದಿಂದ ಸೋಲಿಸಿತು. ಮರುವರ್ಷ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಕ್ರಾಮ್ನಿಕ್‌ರನ್ನು 4–2ರಿಂದ ಸೋಲಿಸಿತು. 2009ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪಾಕೆಟ್ ಫ್ರಿಟ್ಜ್ ಒಂದು ಮೊಬೈಲಿನಲ್ಲಿ ಕೂತು ಮನುಷ್ಯರ ಟೂರ್ನಮೆಂಟಿನಲ್ಲಿ ಹತ್ತಕ್ಕೆ ಒಂಬತ್ತೂವರೆ ಅಂಕ ಗಳಿಸಿತು. ಡೀಪ್ ಬ್ಲೂ ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಿತಿ ನೋಡುತ್ತಿತ್ತು, ಈ ಮೊಬೈಲ್ ಇಪ್ಪತ್ತು ಸಾವಿರಕ್ಕಿಂತ ಕಡಿಮೆ. ಸಮನಾಗಿ ಆಡುವುದರಲ್ಲಿ ಅರ್ಥ ಕಡಿಮೆಯಾಗುತ್ತಿದ್ದ ಈ ಹೊತ್ತಿಗೇ ಯಂತ್ರ ಪೇದೆ ಬಿಟ್ಟುಕೊಡತೊಡಗಿತ್ತು. 2007ರಲ್ಲಿ ರೈಬ್ಕಾ ಪ್ರತಿ ಆಟದಲ್ಲೂ ಒಂದು ಪೇದೆ ಕೊಟ್ಟು ಗ್ರ್ಯಾಂಡ್‌ಮಾಸ್ಟರ್ ಯಾನ್ ಎಲ್ವೆಸ್ಟ್‌ರನ್ನು ಐದೂವರೆ–ಎರಡೂವರೆಯಿಂದ ಗೆದ್ದಿತು. 2016ರಲ್ಲಿ ಕೊಮೋಡೋ ಬೇರೆ ಬೇರೆ ರಿಯಾಯಿತಿ ಕೊಟ್ಟು ಗ್ರ್ಯಾಂಡ್‌ಮಾಸ್ಟರ್ ನಕಾಮುರಾರನ್ನು ಎರಡೂವರೆ–ಒಂದೂವರೆಯಿಂದ ದಾಟಿತು. ಲೀಲಾ ಎಂಜಿನ್ನಿಗಂತೂ ಕುದುರೆ ಬಿಟ್ಟುಕೊಟ್ಟು ಮನುಷ್ಯರೊಂದಿಗೆ ಆಡಲೆಂದೇ ಬೇರೆ ತರಬೇತಿ ಕೊಟ್ಟಿದ್ದಾರೆ. ಅದು ಕಾಯಿ ವಿನಿಮಯ ತಪ್ಪಿಸುತ್ತದೆ, ಗೋಜಲು ಎಬ್ಬಿಸುತ್ತದೆ, ಎದುರಾಳಿಯ ತಪ್ಪಿಗೆ ಕಾಯುತ್ತದೆ. ಸಮಬಲದ ಎಂಜಿನ್ ಎದುರು ಹಾಗೆ ಆಡಿದರೆ ಸೋತೀತು.

ಲೆಕ್ಕಿಗ: ಅಲ್ಲಿಗೆ ನಾವಿಬ್ಬರೂ ಬೇರೆ ದಾರಿಗಳಿಂದ ಒಂದೇ ಜಾಗಕ್ಕೆ ಬಂದೆವು. ಒಂದೇ ಎಂಜಿನ್ನಿನ ಎರಡು ರೂಪ. ಒಂದು ಎಂಜಿನ್‌ಗಳ ಎದುರು ಬಲ, ಇನ್ನೊಂದು ಮನುಷ್ಯರ ಎದುರು ಬಲ. ಯಾವುದು ಹೆಚ್ಚು ಬಲಶಾಲಿ ಎಂದು ಬರಿದೇ ಕೇಳಿದರೆ ಉತ್ತರವಿಲ್ಲ. ಯಾರೆದುರು ಎಂದು ಸೇರಿಸಿ ಕೇಳಿದರೆ ಉತ್ತರವಿದೆ, ಅದೂ ಅಳೆದು ಹೇಳಬಲ್ಲ ಉತ್ತರ. ಬಲ ಎನ್ನುವುದು ಇಬ್ಬರ ನಡುವೆ, ಗೊತ್ತಾದ ಷರತ್ತಿನಲ್ಲಿ ಹುಟ್ಟುವಂಥದ್ದು. ಎಲೋ ಅವರ ಸೂತ್ರ ಅಂತರವನ್ನಷ್ಟೇ ಬಳಸುವುದೂ ಅದಕ್ಕೇ.

ಆಟಗಾರ್ತಿ: ಹಾಗಾದರೆ ನನ್ನ ಮಕ್ಕಳಿಗೆ 700 ಎನ್ನುವ ಬದಲು ಏನು ಹೇಳಲಿ?

ಲೆಕ್ಕಿಗ: ಆಡಿದ್ದನ್ನು ಹೇಳಿ. ಇಂಥ ವರ್ಷ, ಇಂಥ ಎಂಜಿನ್, ಇಂಥ ಗ್ರ್ಯಾಂಡ್‌ಮಾಸ್ಟರ್‌ಗೆ ಒಂದು ಪೇದೆ ಬಿಟ್ಟುಕೊಟ್ಟು, ಎಂಟು ಆಟದಲ್ಲಿ ಐದೂವರೆ ಅಂಕ ಪಡೆಯಿತು ಎನ್ನಿ. ಅದು ಪೂರ್ಣ ವಾಕ್ಯ. ಸಂಖ್ಯೆ ಹೇಳಲೇಬೇಕಾದರೆ ಅದರ ಜೊತೆ ಕೇಳಬೇಕಾದ ಪ್ರಶ್ನೆಗಳನ್ನೂ ಕಲಿಸಿ. ಯಾರೆದುರು ಆಡಿ ಬಂದದ್ದು? ಎಷ್ಟು ಆಟ? ಎಷ್ಟು ಸಮಯ, ಯಾವ ಯಂತ್ರ? ಯಾವ ಓಪನಿಂಗ್‌ಗಳಿಂದ? ಆಚೆ ಈಚೆ ಎಷ್ಟು ಅಲ್ಲಾಡಬಹುದು? ಈ ಐದಕ್ಕೂ ಉತ್ತರ ಇಲ್ಲದ ರೇಟಿಂಗ್ ಬರಿಯ ಹೊಗಳಿಕೆ.

ಆಟಗಾರ್ತಿ: ಇನ್ನೊಂದನ್ನೂ ಸೇರಿಸುತ್ತೇನೆ. ನಮ್ಮ ಮಕ್ಕಳ ಆಟದಲ್ಲಿ ತೀರ್ಪುಗಾರ ಇದ್ದಾನೆ, ಎಂಜಿನ್ ಅವರಿಗಿಂತ ಬಹಳ ಬಲ್ಲದು. ಆದ್ದರಿಂದ ಅವರು ರೇಟಿಂಗ್ ಏರಿತೋ ಇಳಿಯಿತೋ ಎಂದು ಹತ್ತು ಆಟಕ್ಕೊಮ್ಮೆ ಕೊರಗಬೇಕಿಲ್ಲ. ಹತ್ತು ಆಟದ ಅಂಕ ಆಕಸ್ಮಿಕದಲ್ಲಿ ತೇಲುತ್ತದೆ ಎಂದು ನೀವೇ ಲೆಕ್ಕ ತೋರಿಸಿದಿರಿ. ಯಾವ ನಡೆಯಲ್ಲಿ ಕಳೆದುಕೊಂಡೆ, ಯಾಕೆ ಕಳೆದುಕೊಂಡೆ ಎಂದು ನೋಡಿದರೆ ಹತ್ತು ಆಟದಲ್ಲೇ ನೂರು ಪಾಠ ಸಿಗುತ್ತದೆ. ತೀರ್ಪುಗಾರ ಇದ್ದಲ್ಲಿ ನಡೆಯನ್ನು ತೂಗಬೇಕು, ಇಲ್ಲದಲ್ಲಿ ಆಟಗಳನ್ನು ಎಣಿಸಬೇಕು. ಮಕ್ಕಳು ಮೊದಲನೆಯ ಜಾಗದಲ್ಲಿದ್ದಾರೆ, ಸ್ಟಾಕ್‌ಫಿಶ್ ಎರಡನೆಯದರಲ್ಲಿ. ನಾವು ಬಹಳ ಸಲ ತಿರುವುಮುರುವು ಮಾಡುತ್ತೇವೆ. ಮಕ್ಕಳ ಅಂಕ ಎಣಿಸುತ್ತೇವೆ, ಎಂಜಿನ್ನಿನ ಒಂದು ಚೆಂದದ ನಡೆ ನೋಡಿ ಅದರ ಬಲಕ್ಕೆ ಸರ್ಟಿಫಿಕೇಟ್ ಕೊಡುತ್ತೇವೆ.

ಲೆಕ್ಕಿಗ: ಇಷ್ಟು ಸ್ಪಷ್ಟವಾಗಿ ನಾನು ಯೋಚಿಸಿರಲಿಲ್ಲ. ಇದನ್ನು ಚೆಸ್ಸಿನ ಹೊರಗೂ ಒಯ್ಯಬಹುದು. ಈಗ ಬರೆಯುವ ಯಂತ್ರ, ಅನುವಾದದ ಯಂತ್ರ, ರೋಗ ಗುರುತಿಸುವ ಯಂತ್ರ ಎಲ್ಲಕ್ಕೂ ಅಂಕ ಕೊಡುತ್ತಿದ್ದಾರೆ. ಎಲ್ಲರಿಗೂ ಗೊತ್ತಿರುವ ಪ್ರಶ್ನೆಪತ್ರಿಕೆ, ಕೆಲವೇ ಮಾದರಿಗಳು, ಹೇಳದೆ ಬಿಟ್ಟ ಷರತ್ತುಗಳು. ಎಂಜಿನ್ ಬರೆಯುವವರು ಅರ್ಧ ಶತಮಾನದಲ್ಲಿ ದಾಟಿ ಬಂದ ಗುಂಡಿಗಳಿಗೇ ಉಳಿದವರು ಮತ್ತೆ ಬೀಳಬೇಕಾಗಿಲ್ಲ.

ಆಟಗಾರ್ತಿ: ಅವರಿಂದ ಕಲಿಯಬೇಕಾದ್ದು ಮುಖ್ಯವಾಗಿ ಯಾವುದು?

ಲೆಕ್ಕಿಗ: ಫಿಶ್‌ಟೆಸ್ಟ್‌ನಲ್ಲಿ ಪಾಸಾದ ಪರೀಕ್ಷೆಗಳ ಜೊತೆ ಫೇಲಾದವೂ ಎಲ್ಲರ ಕಣ್ಣಿಗೆ ಬೀಳುವಂತೆ ಉಳಿದಿರುತ್ತವೆ. ಅಲ್ಲಿ ಫೇಲಾದವೇ ಹೆಚ್ಚು. ಪಳಗಿದ ಕೈಗಳು ವಾರಗಟ್ಟಲೆ ಯೋಚಿಸಿ ತಂದ ಉಪಾಯಗಳು ಅಲ್ಲಿ ಬಿದ್ದಿವೆ, ಪ್ರತಿಯೊಂದರ ಮುಂದೆ ಎಷ್ಟು ಆಟ, ಎಷ್ಟು ಗೆಲುವು, ಎಷ್ಟು ಸೋಲು ಎಂದು ಬರೆದಿದೆ. ನಾಚಿಕೆಪಟ್ಟು ಯಾರೂ ಅಳಿಸುವುದಿಲ್ಲ. ಮುಂದೆ ಬರುವವನು ಅದೇ ದಾರಿಯಲ್ಲಿ ಶ್ರಮ ಕಳೆಯಬಾರದೆಂದು ಅವನ್ನು ಇಟ್ಟಿದ್ದಾರೆ. ತನ್ನ ಉಪಾಯವನ್ನು ತಾನೇ ಬೀಳಿಸಬಲ್ಲ ಪರೀಕ್ಷೆಯನ್ನು ಕಟ್ಟಿ, ಅದರ ತೀರ್ಪಿಗೆ ಎಲ್ಲರೆದುರು ತಲೆಬಾಗುವ ಜನರಿಂದ ಆ 3600 ಬಂದಿದೆ. ಮಕ್ಕಳಿಗೆ ಆ ಸಂಖ್ಯೆಯನ್ನು ಹೇಳುವಾಗ ಈ ಜನರ ಬಗ್ಗೆಯೂ ಹೇಳಿ.